ಪೌರರ ಸಲಹೆಯೂ ಪರಿಸರ ನ್ಯಾಯವೂ

ನಗರವೆಂಬುದು ಒಂದು ದೊಡ್ಡ ಸಂಸಾರ. ಈ ಸಂಸಾರಕ್ಕೆ ದಿನವೂ ಹೊರಗಿನಿಂದ ನೀರು, ಧಾನ್ಯ, ಹಾಲು, ಕಾಯಿಪಲ್ಯಗಳು ಬರುತ್ತವೆ. ದಿನವೂ ಇದರಿಂದ ಕಸ, ಕೊಳಚೆ, ಹೊಗೆಗಳು ಹೊರಬೀಳುತ್ತವೆ. ಒಳಗೆ ಬಂದುದು ಎಲ್ಲಿಂದ ಬಂದಿತೆಂದು ವಿಚಾರಿಸುವವರು ಕೆಲವರಾದರೂ ಉಂಟು. ಹೊರಗೆ ಹೋದುದು ಯಾರ ಬಾಗಿಲಿಗೆ ಹೋಗಿ ಬಿದ್ದಿತೆಂದು ವಿಚಾರಿಸುವವರು ಬಹು ವಿರಳ. ನಮ್ಮ ಮನೆಯ ಮುಂದೆ ಗುಡಿಸಿದ ಕಸ ಕಣ್ಣಿಗೆ ಮರೆಯಾದೊಡನೆ ಅದು ಇಲ್ಲವಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಅದು ಇಲ್ಲವಾಗುವುದಿಲ್ಲ, ಇನ್ನೊಬ್ಬರದಾಗುತ್ತದೆ, ಅಷ್ಟೆ.

ಈ 'ಇನ್ನೊಬ್ಬರು' ಯಾರು? ಅವರನ್ನು ಯಾರಾದರೂ ಕೇಳಿದರೇ? ಈ ಎರಡು ಪ್ರಶ್ನೆಗಳಲ್ಲಿ 'ಪರಿಸರ ನ್ಯಾಯ'ವೆಂಬ ವಿಷಯವೆಲ್ಲ ಅಡಗಿದೆ. ಮೊದಲನೆಯ ಪ್ರಶ್ನೆ ಪಾಲಿಗೆ ಸಂಬಂಧಿಸಿದುದು: ನಗರದ ಸುಖ ಒಬ್ಬರಿಗೂ ಅದರ ಕೊಳಕು ಇನ್ನೊಬ್ಬರಿಗೂ ಬರಬಾರದು. ಎರಡನೆಯದು ಮಾತಿಗೆ ಸಂಬಂಧಿಸಿದುದು: ಯಾವ ನಿರ್ಣಯದಿಂದ ಯಾರಿಗೆ ತೊಂದರೆಯಾಗುವುದೋ ಅವರಿಗೆ ಆ ನಿರ್ಣಯದಲ್ಲಿ ಮಾತಾಡುವ ಸ್ಥಾನವಿರಬೇಕು. ಮಾತಿಲ್ಲದ ಕಡೆ ಪಾಲು ನ್ಯಾಯವಾಗಿರುವುದಿಲ್ಲವೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

ದೂರ ಹೋಗಬೇಕಾಗಿಲ್ಲ. ಹುಸೇನ್ ಸಾಗರದ ಹೆಚ್ಚುವರಿ ನೀರನ್ನು ಮೂಸಿ ನದಿಗೆ ಒಯ್ಯುವ ನಾಲೆ ನಮ್ಮ ನಾರಾಯಣಗೂಡಕ್ಕೆ ಸಮೀಪದಲ್ಲಿಯೇ ಅಶೋಕನಗರ, ಬಾಗ್‌ಲಿಂಗಂಪಲ್ಲಿ, ನಲ್ಲಕುಂಟೆಗಳ ಕಡೆಯಿಂದ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಅದರ ಬಳಿ ನಿಂತವರಿಗೆ ಅದು ನಾಲೆಯೋ ಕೊಳಚೆಯ ಕಾಲುವೆಯೋ ತಿಳಿಯದು. ಜಡಿಮಳೆ ಬಂದಾಗ, 2020ರ ಅಕ್ಟೋಬರಿನಲ್ಲಿ ಆದಂತೆ, ನಗರದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗುತ್ತದೆ. ಎತ್ತರದಲ್ಲಿ ಮನೆ ಮಾಡಲು ಶಕ್ತಿಯುಳ್ಳವರು ಎತ್ತರದಲ್ಲಿರುತ್ತಾರೆ. ಶಕ್ತಿಯಿಲ್ಲದವರು ನಾಲೆಯ ದಡದಲ್ಲಿರುತ್ತಾರೆ. ಮೇಲಿನವರು ಚೆಲ್ಲಿದುದೆಲ್ಲ ಕೆಳಗಿನವರ ಅಂಗಳಕ್ಕೆ ಇಳಿಯುತ್ತದೆ. ನೀರು ತಗ್ಗಿಗೆ ಹರಿಯುವುದು ಪ್ರಕೃತಿಯ ನಿಯಮ. ಆದರೆ ಕಷ್ಟವೂ ಬಡವನೆಡೆಗೇ ಹರಿಯಬೇಕೆಂಬುದು ಪ್ರಕೃತಿಯ ನಿಯಮವಲ್ಲ. ಅದು ಮನುಷ್ಯರು ಮಾಡಿದ ಏರ್ಪಾಡು. ಮನುಷ್ಯರು ಮಾಡಿದುದನ್ನು ಮನುಷ್ಯರೇ ತಿದ್ದಲೂ ಬಹುದು.

ತಜ್ಞನ ಸಲಹೆ

ನಮ್ಮ ನಗರವು ಪರಿಸರದ ವಿಷಯದಲ್ಲಿ ಸಲಹೆ ಕೇಳಿದ ಪ್ರಸಿದ್ಧ ಸಂದರ್ಭವೊಂದುಂಟು. ಅದು ಕನ್ನಡಿಗರಿಗೆ ಅಭಿಮಾನ ತರತಕ್ಕದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರದಲ್ಲಿ ಸಾವಿರಾರು ಜನರು ಮಡಿದರು; ನದಿಯ ತೀರದ ಕೇರಿಗಳು ಕೊಚ್ಚಿಹೋದವು. ಮರುವರ್ಷ ನಿಜಾಮ ಸರ್ಕಾರವು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರು ಮಳೆಯ ಪ್ರಮಾಣವನ್ನೂ ನದಿಯ ಜಲಾನಯನ ಪ್ರದೇಶವನ್ನೂ ಕೂಲಂಕಷವಾಗಿ ಪರಿಶೀಲಿಸಿ, ನಗರಕ್ಕೆ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದೂ ನಗರಕ್ಕೆ ಸುವ್ಯವಸ್ಥಿತವಾದ ಒಳಚರಂಡಿ ಬೇಕೆಂದೂ ಸಲಹೆಯಿತ್ತರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಪ್ರವಾಹವನ್ನು ತಡೆಯುವುದಕ್ಕಾಗಿ ಹುಟ್ಟಿದ ಕೆರೆಗಳು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಇದು ತಜ್ಞನ ಸಲಹೆ. ಇದಿಲ್ಲದೆ ನಗರ ಬಾಳಲಾರದು. ಆದರೆ ಇದೊಂದೇ ಸಾಲದು. ಕಟ್ಟೆ ಎಷ್ಟು ಎತ್ತರವಿರಬೇಕೆಂಬುದನ್ನು ತಜ್ಞನು ಲೆಕ್ಕ ಹಾಕಿ ಹೇಳಬಲ್ಲನು. ಯಾವ ಬಾವಿಯ ನೀರಿನ ಬಣ್ಣ ಯಾವ ತಿಂಗಳಲ್ಲಿ ತಿರುಗಿತು, ಯಾವ ಓಣಿಯಲ್ಲಿ ರಾತ್ರಿಯ ಹೊತ್ತು ದುರ್ವಾಸನೆ ಹೆಚ್ಚು, ಯಾವ ಮೋರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ ಎಂಬ ಸಂಗತಿಗಳನ್ನು ಅಲ್ಲಿ ವಾಸಿಸುವವರೇ ಬಲ್ಲರು. ತಜ್ಞನು ಕೆಲಸ ಮುಗಿಸಿ ಊರಿಗೆ ಮರಳುತ್ತಾನೆ. ನಿವಾಸಿಯು ಆ ಕೆಲಸದ ಫಲವನ್ನು ದಿನವೂ ಉಣ್ಣುತ್ತಾನೆ. ಆದಕಾರಣ ಇಬ್ಬರ ಮಾತೂ ನಗರಸಭೆಗೆ ಬೇಕು.

ನಕ್ಕವಾಗಿನ ಪಾಠ

ನಿವಾಸಿಗಳ ಮಾತನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನಗರದ ಪಶ್ಚಿಮಕ್ಕಿರುವ ಪಟಾನ್‌ಚೆರುವೇ ಸಾಕ್ಷಿ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಕನ್ನಡ ನಾಡಿನ ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಬರುವ ಮಂಜೀರಾ ನದಿಯ ನೀರನ್ನು ಹೈದರಾಬಾದಿನವರಾದ ನಾವು ಕುಡಿದಿದ್ದೇವೆ. ಈ ಮಂಜೀರೆಯನ್ನು ಸೇರುವ ಸಣ್ಣ ಹಳ್ಳವೇ ನಕ್ಕವಾಗು. 1970ರ ದಶಕದಿಂದ ಪಟಾನ್‌ಚೆರು, ಬೊಲ್ಲಾರಂಗಳಲ್ಲಿ ರಾಸಾಯನಿಕ ಮತ್ತು ಔಷಧಗಳ ಕಾರ್ಖಾನೆಗಳು ಒಂದರ ಪಕ್ಕದಲ್ಲೊಂದು ಎದ್ದವು. ಅವು ಬಿಟ್ಟ ಮಲಿನ ನೀರು ಹಳ್ಳಕ್ಕೂ ಕೆರೆಗಳಿಗೂ ಇಳಿಯಿತು. ಹಳ್ಳಿಗರ ಬಾವಿಗಳು ಕೆಟ್ಟವು, ಹೊಲಗಳು ಬೆಳೆ ಕೊಡದಾದವು, ದನಕರುಗಳು ಸತ್ತವು.

ಕಾರ್ಖಾನೆಗಳಿಗೆ ಜಾಗ ಕೊಡುವಾಗ ಆ ಹಳ್ಳಿಗಳ ಸಲಹೆಯನ್ನು ಕೇಳಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಕಷ್ಟ ಬಂದ ಮೇಲೆ ಅವರು ತಾವಾಗಿಯೇ ಎದ್ದು ನಿಂತರು. ಡಾ. ಕಿಷನ್ ರಾವ್ ಎಂಬ ಪಟಾನ್‌ಚೆರುವಿನ ವೈದ್ಯರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಬೇನೆಗಳಿಗೂ ಕೆಟ್ಟ ನೀರಿಗೂ ಇರುವ ನಂಟನ್ನು ಗಮನಿಸಿ, ರೈತರೊಡನೆ ಸೇರಿ ವರ್ಷಗಟ್ಟಲೆ ಹೋರಾಡಿದರು. 1990ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಹಾನಿಯ ಪ್ರಮಾಣವನ್ನು ವಿಚಾರಿಸುವಂತೆ ನ್ಯಾಯಾಲಯವು ಜಿಲ್ಲಾ ನ್ಯಾಯಾಧೀಶರಿಗೆ ಒಪ್ಪಿಸಿತು. ರೈತರಿಗೆ ಪರಿಹಾರ ಧನವನ್ನೂ ಹಳ್ಳಿಗಳಿಗೆ ಕುಡಿಯುವ ನೀರನ್ನೂ ಕೊಡಬೇಕೆಂದು ಆಜ್ಞಾಪಿಸಿತು. ಕಾರ್ಖಾನೆಗಳ ನೀರನ್ನು ಶುದ್ಧಿಗೊಳಿಸಲು ಸಾಮೂಹಿಕ ಸಂಸ್ಕರಣ ಘಟಕವೂ ಸ್ಥಾಪಿತವಾಯಿತು.

ಆದರೂ ಸಮಸ್ಯೆ ತೀರಲಿಲ್ಲ. ಸಂಸ್ಕರಿಸಿದ ನೀರನ್ನು ಸುಮಾರು 18 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ನಗರದ ಒಳಚರಂಡಿಗೆ ತಿರುಗಿಸಿ, ಮೂಸಿ ತೀರದ ಅಂಬರ್‌ಪೇಟೆಯ ಶುದ್ಧೀಕರಣ ಘಟಕದ ಕಡೆಗೆ ಸಾಗಿಸಲಾಯಿತು. 2007ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಪಟಾನ್‌ಚೆರುವಿನ ಘಟಕದಿಂದ ಹೊರಬರುತ್ತಿದ್ದ ನೀರನ್ನು ಪರೀಕ್ಷಿಸಿ, ಅದರಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧವು ಲೀಟರಿಗೆ 31 ಮಿಲಿಗ್ರಾಂವರೆಗೆ ಇದೆಯೆಂದು ಪ್ರಕಟಿಸಿದರು. ರೋಗಾಣುಗಳು ಇಂಥ ನೀರಿನಲ್ಲಿ ಬಾಳಿ ಔಷಧಕ್ಕೆ ಬಗ್ಗದಂತೆ ಒಗ್ಗಿಕೊಂಡರೆ, ನಾಳೆ ಆ ಔಷಧದಿಂದ ಗುಣವಾಗಬೇಕಾದ ರೋಗಿಯ ಗತಿ ಏನು?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಕ್ಕವಾಗಿನ ಭಾರವನ್ನು ಇಳಿಸುವುದಕ್ಕೆಂದು ತೆಗೆದುಕೊಂಡ ಕ್ರಮವು ಆ ಭಾರದ ಒಂದು ಪಾಲನ್ನು ಮೂಸಿಯ ಕಡೆಗೆ ತಂದಿತು. ಮೂಸಿಯ ಕೆಳಭಾಗದಲ್ಲಿ ಅದೇ ನೀರಿನಿಂದ ಭತ್ತವನ್ನೂ ದನಗಳ ಮೇವನ್ನೂ ಬೆಳೆಯುವ ರೈತರಿದ್ದಾರೆ. ಒಬ್ಬರ ಹೆಗಲಿನ ಮೂಟೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು ಪರಿಹಾರವಲ್ಲ. ಯಾವ ಊರಿಗೂ ಹೊರೆಯಾಗದಂತೆ ಮೂಟೆಯನ್ನೇ ಕರಗಿಸುವುದು ಪರಿಹಾರ.

ಹೊರನಾಡಿನ ಒಂದು ಉದಾಹರಣೆ

'ಪರಿಸರ ನ್ಯಾಯ'ವೆಂಬ ಮಾತು ಲೋಕಪ್ರಸಿದ್ಧವಾದುದು ಇಂಥದೇ ಒಂದು ಪ್ರಸಂಗದಿಂದ. ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ಕೆಲವು ದುರಾಶಾಪೀಡಿತರು ವಿಷಯುಕ್ತವಾದ ತೈಲವನ್ನು ರಸ್ತೆಗಳ ಬದಿಯಲ್ಲಿ ಗುಟ್ಟಾಗಿ ಚೆಲ್ಲಿಹೋದರು. ಆ ವಿಷದ ಮಣ್ಣನ್ನು ಅಗೆದು ಎಲ್ಲಿಯಾದರೂ ಹೂಳಲೇಬೇಕಾಯಿತು. ಸರ್ಕಾರ ಆರಿಸಿದ್ದು ವಾರೆನ್ ಕೌಂಟಿಯನ್ನು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕರಿಯ ಜನಾಂಗದ ಬಡವರು. 1982ರಲ್ಲಿ ಅವರು ಲಾರಿಗಳ ಮುಂದೆ ಮಲಗಿ ಶಾಂತಿಯುತವಾಗಿ ಪ್ರತಿಭಟಿಸಿದರು. 500ಕ್ಕೂ ಹೆಚ್ಚು ಮಂದಿ ಬಂಧಿತರಾದರು. ಆದರೂ ಮಣ್ಣನ್ನು ಅಲ್ಲಿಯೇ ಹೂಳಲಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಹತ್ತು ವರ್ಷಗಳ ತರುವಾಯ ಆ ಗುಂಡಿಯೊಳಗೆ ನೀರು ಸೇರಿರುವುದು ತಿಳಿದುಬಂದಿತು. ಆಗ ಊರಿನ ಪ್ರತಿನಿಧಿಗಳೂ ಸರ್ಕಾರದ ಅಧಿಕಾರಿಗಳೂ ಒಂದೇ ಮೇಜಿನ ಸುತ್ತ ಕೂಡುವ ಜಂಟಿ ಸಮಿತಿಯೊಂದು ಏರ್ಪಟ್ಟಿತು. ಊರಿನವರಿಗೆ ತಮ್ಮ ಪರವಾಗಿ ವಿಜ್ಞಾನಿಗಳ ನೆರವನ್ನು ಪಡೆಯುವ ಅವಕಾಶವೂ ದೊರೆಯಿತು. ವಿಷವನ್ನು ಇನ್ನೊಂದು ಊರಿಗೆ ಸಾಗಿಸದೆ, ಇದ್ದಲ್ಲಿಯೇ ಅದನ್ನು ನಿರ್ವಿಷಗೊಳಿಸಬೇಕೆಂದು ಅವರು ಹಟ ಹಿಡಿದರು. 2003ರ ಅಂತ್ಯದ ವೇಳೆಗೆ ಆ ಕಾರ್ಯ ಮುಗಿಯಿತು. 1982ರಲ್ಲಿ ಯಾರ ಮಾತಿಗೆ ಬೆಲೆ ದೊರೆಯಲಿಲ್ಲವೋ ಅವರ ಸಲಹೆಯಿಂದಲೇ ಆ ಭೂಮಿ ಕೊನೆಗೆ ಶುದ್ಧವಾಯಿತು. ತಾವು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಎಣಿಸಿದ ಅವರ ಮನಸ್ಸು ದೊಡ್ಡದಲ್ಲವೇ?

ಬೆಂಗಳೂರಿನ ಕಸ

ಕನ್ನಡ ನಾಡಿನ ರಾಜಧಾನಿಯೂ ಇಂಥ ಪಾಠವನ್ನು ಕಲಿಯಬೇಕಾಯಿತು. ಬೆಂಗಳೂರಿನ ಕಸವನ್ನು ಬಹುಕಾಲ ಯಲಹಂಕದ ಕಡೆಯ ಮಾವಳ್ಳಿಪುರದಲ್ಲಿಯೂ ಪೂರ್ವ ತಾಲ್ಲೂಕಿನ ಮಂಡೂರಿನಲ್ಲಿಯೂ ಸುರಿಯುತ್ತಿದ್ದರು. ಹಳ್ಳಿಗಳ ಮಗ್ಗುಲಲ್ಲಿ ಕಸದ ಗುಡ್ಡಗಳೆದ್ದವು. ಕೊಳೆತ ಕಸದಿಂದ ಬಸಿದ ಕರಿನೀರು ಬಾವಿಗಳಿಗಿಳಿಯಿತು. ನೊಣಗಳ ಹಾವಳಿ ಹೇಳತೀರದು. 2012ರ ಜುಲೈ ತಿಂಗಳಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಿತು. ಕೂಡಲೇ ನಗರದ ಬೀದಿ ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಹಳ್ಳಿಯವರು ವರ್ಷಗಟ್ಟಲೆ ಸಹಿಸಿದ ವಾಸನೆಯನ್ನು ನಗರದವರು ಕೆಲವು ವಾರ ಕೂಡ ಸಹಿಸಲಾರದೆ ಹೋದರು. ಅನಂತರ ಮಂಡೂರಿನವರೂ ಪ್ರತಿಭಟಿಸಿದರು; 2014ರ ಕೊನೆಗೆ ಅಲ್ಲಿಗೂ ಕಸ ಸಾಗಿಸುವುದು ನಿಂತಿತು.

ಈ ಸಂಕಟದ ನಡುವೆ ಮೂರು ಬಗೆಯ ಜನರು ಆಡಳಿತಕ್ಕೆ ಸಲಹೆ ಕೊಟ್ಟರು. ಕಸದ ಗುಡ್ಡದ ನೆರೆಯ ಹಳ್ಳಿಗರು 'ನಮ್ಮ ಊರು ನಿಮ್ಮ ತಿಪ್ಪೆಯಲ್ಲ' ಎಂಬ ನಿಜವನ್ನು ನಗರಕ್ಕೆ ಮನವರಿಕೆ ಮಾಡಿಕೊಟ್ಟರು. ಬಡಾವಣೆಗಳ ನಾಗರಿಕರು, ಅವರಲ್ಲಿಯೂ ವಿಶೇಷವಾಗಿ ಮಹಿಳೆಯರು, ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಿದರೆ ಗುಡ್ಡವೇ ಬೆಳೆಯದೆಂದು ತಮ್ಮ ಮನೆಗಳಲ್ಲಿ ಮಾಡಿ ತೋರಿಸಿದರು. ಮೂರನೆಯವರು ಬೀದಿಯಲ್ಲಿ ಕಾಗದ, ಸೀಸೆ, ಪ್ಲಾಸ್ಟಿಕ್ಕುಗಳನ್ನು ಆಯ್ದು ಬದುಕುವವರು. ಕಸದ ಜಾತಿಗಳನ್ನು ಅವರಷ್ಟು ಚೆನ್ನಾಗಿ ಬಲ್ಲ ಪಂಡಿತರು ಬೇರೆ ಇಲ್ಲ. ಆದರೂ ಅವರನ್ನು ಜನ ಕಳ್ಳರಂತೆ ಕಂಡಿದ್ದರು. 2011ರಿಂದ ಮಹಾನಗರ ಪಾಲಿಕೆಯು ಅವರಿಗೆ ಗುರುತಿನ ಚೀಟಿಗಳನ್ನು ಕೊಟ್ಟಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ತೆರೆದವು. ಅವುಗಳಲ್ಲಿ ಅನೇಕವನ್ನು ನಡೆಸುವ ಹೊಣೆ ಇದೇ ಜನರಿಗೆ ಬಂದಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲಗಳಲ್ಲಿ ಕಸವನ್ನು ಬೇರ್ಪಡಿಸುವ ಪದ್ಧತಿಯನ್ನು ವಿಧಿಸಿತು. ನಾಗರಿಕರ ಅಡಿಗೆಮನೆಯಲ್ಲಿ ಹುಟ್ಟಿದ ಸಲಹೆ ನಗರದ ಕಟ್ಟಳೆಯಾಯಿತು.

ಇಷ್ಟಾದರೂ ಬೆಂಗಳೂರು ಪೂರ್ತಿ ಗೆದ್ದಿತೆಂದು ಹೇಳುವಂತಿಲ್ಲ. ಬೇರ್ಪಡದ ಕಸ ಬೇರೆ ಹಳ್ಳಿಗಳ ಕಲ್ಲುಗಣಿಗಳನ್ನು ಹುಡುಕಿಕೊಂಡು ಹೋಯಿತು. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗರೂ ಬೀದಿಗಿಳಿಯಬೇಕಾಯಿತು. ಸಲಹೆಯನ್ನು ಕಾಗದದಲ್ಲಿ ಒಪ್ಪಿದರೆ ಸಾಲದು. ಪ್ರತಿಯೊಂದು ಮನೆಯಲ್ಲಿಯೂ ಅದು ನಡೆಯಬೇಕು.

ನಮ್ಮ ಹೈದರಾಬಾದಿನ ಸ್ಥಿತಿ ಭಿನ್ನವೇನಲ್ಲ. ನಮ್ಮ ನಗರದ ಕಸವು ಬಹುಕಾಲದಿಂದ ಈಶಾನ್ಯಕ್ಕಿರುವ ಜವಾಹರ್‌ನಗರವನ್ನು ಸೇರಿದೆ. ಅಲ್ಲಿನ ಹಳೆಯ ದಿಬ್ಬದ ಮೇಲೆ ಮಣ್ಣಿನ ಹೊದಿಕೆ ಹಾಕಿ ಮುಚ್ಚಿದ್ದಾರೆ. ಆದರೆ ಅದರಿಂದ ಬಸಿದ ಕರಿನೀರು ನೆರೆಯ ಮಲ್ಕಾರಂ ಕೆರೆಯನ್ನು ಅದಾಗಲೇ ಕೆಡಿಸಿತ್ತು. ನಾವು ಹಣ್ಣಿನ ಸಿಪ್ಪೆಯನ್ನೂ ಕಾಗದವನ್ನೂ ಒಂದೇ ಬುಟ್ಟಿಗೆ ಎಸೆಯುವಾಗ, ನಾವು ಕಾಣದ ಆ ಕೆರೆಯನ್ನು ನೆನೆಯಬೇಕು.

ಕಾನೂನು ಕೊಟ್ಟಿರುವ ಸ್ಥಾನ

ಸಲಹೆ ಕೊಡಲು ಪೌರರಿಗೆ ಅಧಿಕಾರವುಂಟೇ ಎಂದು ಕೆಲವರು ಸಂಶಯಪಡಬಹುದು. ಉಂಟು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿದೆ. ಕರ್ನಾಟಕವು 2016ರಲ್ಲಿ ಮಾಡಿದ ನಿಯಮಗಳಲ್ಲಿ, ವಾರ್ಡು ಸಮಿತಿಯ ಹತ್ತು ಸದಸ್ಯರಲ್ಲಿ ಮೂವರಾದರೂ ಮಹಿಳೆಯರೂ ಇಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡಗಳವರೂ ಇರಬೇಕೆಂದು ಹೇಳಿತು. ಇದು ದಾಕ್ಷಿಣ್ಯದ ಮಾತಲ್ಲ. ಮನೆಗೆ ನೀರು ತರುವವರು ಯಾರು, ಮೋರಿಯ ಬಳಿ ವಾಸಿಸುವವರು ಯಾರು ಎಂದು ಯೋಚಿಸಿದರೆ ಈ ನಿಯಮದ ಅರ್ಥ ತಾನಾಗಿ ತಿಳಿಯುತ್ತದೆ.

ದೊಡ್ಡ ಕಾರ್ಖಾನೆ ಮೊದಲಾದವುಗಳನ್ನು ಸ್ಥಾಪಿಸುವ ಮುನ್ನ ಸುತ್ತಲಿನ ಜನರ ಅಹವಾಲನ್ನು ಕೇಳುವ ಸಾರ್ವಜನಿಕ ಸಭೆ ನಡೆಯಬೇಕೆಂಬ ನಿಯಮ 1997ರಲ್ಲಿ ಬಂದಿತು. ಪಟಾನ್‌ಚೆರುವಿನವರಿಗೆ ಅದು ಇಪ್ಪತ್ತು ವರ್ಷ ತಡವಾಗಿ ಬಂದಂತಾಯಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಯಾವ ಪೌರನಾದರೂ ಸರ್ಕಾರಿ ಕಚೇರಿಯಿಂದ ಮಾಹಿತಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಕೆರೆ, ನದಿ, ಅರಣ್ಯಗಳನ್ನು ರಕ್ಷಿಸುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಸಾರುತ್ತದೆ. ಕರ್ತವ್ಯವನ್ನು ವಿಧಿಸಿದ ಮೇಲೆ ಅದರ ವಿಷಯದಲ್ಲಿ ಮಾತಾಡುವ ಹಕ್ಕೂ ಇದ್ದೇ ಇದೆ.

ಹಾಗೆಂದು ನಿಯಮ ಬರೆದ ಮಾತ್ರಕ್ಕೆ ಸಮಿತಿ ಕೂಡುವುದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆ ನಡೆಯದೆಯೇ 2025ರಲ್ಲಿ ಆ ಪಾಲಿಕೆಯು ಐದು ಪಾಲಿಕೆಗಳಾಗಿ ವಿಭಾಗವಾಯಿತು. ಸಭೆಯಿಲ್ಲದ ಕಡೆ ಸಲಹೆಗೆ ಕಿವಿಯೆಲ್ಲಿ? ಆದುದರಿಂದ ಸ್ಥಳೀಯ ಚುನಾವಣೆಗಳು ಕಾಲಕಾಲಕ್ಕೆ ನಡೆಯುವುದೂ ಪರಿಸರ ನ್ಯಾಯದ ಒಂದು ಅಂಗವೇ ಆಗಿದೆ.

ಸಲಹೆ ಹೇಗಿರಬೇಕು?

ಸಲಹೆಯೂ ಒಂದು ವಿದ್ಯೆ, ಅದನ್ನು ಕಲಿಯಬೇಕು. ಮೇಲಿನ ನಿದರ್ಶನಗಳಿಂದ ಅದರ ನಾಲ್ಕು ಲಕ್ಷಣಗಳನ್ನು ನಾವು ಸಂಗ್ರಹಿಸಬಹುದು.

ಮೊದಲನೆಯದಾಗಿ, ಸಲಹೆಯು ಕಣ್ಣಾರೆ ಕಂಡ ಸಂಗತಿಗಳ ಮೇಲೆ ನಿಲ್ಲಬೇಕು. 'ಮೋರಿ ಯಾವಾಗಲೂ ಕಟ್ಟಿಕೊಂಡಿರುತ್ತದೆ' ಎಂಬುದು ದೂರು. 'ಜೂನ್ ತಿಂಗಳಲ್ಲಿ ಇಂಥ ಮೂಲೆಯ ಮೋರಿ ಆರು ದಿನ ಉಕ್ಕಿತು. ಆ ದಿನಗಳು ಇವು' ಎಂಬುದು ಸಾಕ್ಷ್ಯ. ದೂರನ್ನು ತಳ್ಳಿಹಾಕುವುದು ಸುಲಭ. ಸಾಕ್ಷ್ಯವನ್ನು ತಳ್ಳಿಹಾಕುವುದು ಕಷ್ಟ.

ಎರಡನೆಯದಾಗಿ, ಅದು ಎಲ್ಲರ ಮಾತಾಗಿರಬೇಕು. ಸಭೆಗೆ ಬರಲು ಬಿಡುವಿರುವವರು ಮಾತ್ರ ಮಾತಾಡಿದರೆ, ದಿನಗೂಲಿಯವರ ಕಷ್ಟ ಹೊರಗೇ ಉಳಿಯುತ್ತದೆ. ಹೈದರಾಬಾದಿನಂಥ ನಗರದಲ್ಲಿ ತೆಲುಗು, ಉರ್ದು, ಕನ್ನಡ, ಮರಾಠಿ, ಹಿಂದಿಗಳನ್ನಾಡುವವರು ನೆರೆಹೊರೆಯಲ್ಲಿದ್ದಾರೆ. ಎರಡು ಮೂರು ಭಾಷೆಗಳನ್ನು ಬಲ್ಲ ನಮ್ಮಂಥವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದರೆ ಅದು ದೊಡ್ಡ ಸೇವೆಯಾಗುತ್ತದೆ.

ಮೂರನೆಯದಾಗಿ, ನಮ್ಮ ಸಲಹೆಯಿಂದ ಇನ್ನೊಂದು ಬೀದಿಗೆ ಕೇಡಾಗಬಾರದು. 'ಕಸದ ತೊಟ್ಟಿಯನ್ನು ನಮ್ಮ ಮನೆಯ ಮುಂದಿನಿಂದ ತೆಗೆಯಿರಿ' ಎಂದು ಹೇಳಿದವನು ಅದನ್ನು ಎಲ್ಲಿಡಬೇಕೆಂಬುದನ್ನೂ ಯೋಚಿಸಬೇಕು. ವಾರೆನ್ ಕೌಂಟಿಯವರ ಹಿರಿಮೆ ಇರುವುದು ಇದರಲ್ಲಿಯೇ.

ನಾಲ್ಕನೆಯದಾಗಿ, ಬೆನ್ನು ಹತ್ತುವ ತಾಳ್ಮೆ ಬೇಕು. ಮನವಿಯನ್ನು ಬರೆದು, ಅದು ತಲಪಿದ ಬಗ್ಗೆ ರಸೀತಿ ಪಡೆದು, ತಿಂಗಳು ಕಳೆದ ಮೇಲೆ ಏನಾಯಿತೆಂದು ಕೇಳಬೇಕು. ಒಂದು ದಿನದ ಕೂಗಿಗಿಂತ ಒಂದು ವರ್ಷದ ವಿಚಾರಣೆ ಬಲವುಳ್ಳದ್ದು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದುದು

ಮತದಾನದ ವಯಸ್ಸು ಬಾರದ ವಿದ್ಯಾರ್ಥಿಗಳಿಗೆ ಇದರಲ್ಲಿ ಏನು ಕೆಲಸವೆಂದು ಕೇಳಬಹುದು. ನೋಡುವುದಕ್ಕೂ ಬರೆದಿಡುವುದಕ್ಕೂ ವಯಸ್ಸಿನ ಕಟ್ಟಳೆಯಿಲ್ಲ. ಪ್ರತಿಯೊಂದು ತರಗತಿಯೂ ಒಂದೊಂದು ಬೀದಿಯನ್ನು ಆರಿಸಿಕೊಂಡು ಅದರ ನಕ್ಷೆಯನ್ನು ಬರೆಯಲಿ. ಕಸದ ಗಾಡಿ ಬಂದ ದಿನ, ಬಾರದ ದಿನ, ನಲ್ಲಿಯಲ್ಲಿ ನೀರು ಬಂದ ವೇಳೆ, ಮಳೆಯ ನೀರು ನಿಂತ ಸ್ಥಳ, ನೆರಳು ಕೊಡುವ ಮರಗಳ ಸಂಖ್ಯೆ ಇವುಗಳನ್ನು ಒಂದು ವರ್ಷ ಪುಸ್ತಕದಲ್ಲಿ ದಾಖಲಿಸಲಿ. ಬೀದಿ ಗುಡಿಸುವವರೊಡನೆ ಗೌರವದಿಂದ ಮಾತಾಡಿ, ಅವರಿಗೆ ಕೈಚೀಲವೂ ಕಾಲಿಗೆ ಪಾದರಕ್ಷೆಯೂ ದೊರೆಯುತ್ತಿವೆಯೇ ಎಂದು ತಿಳಿದುಕೊಳ್ಳಲಿ. ಬೇರೆ ಬೇರೆ ಬೀದಿಗಳ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾವ ಬೀದಿಗೆ ಸೌಕರ್ಯ ಹೆಚ್ಚು, ಯಾವ ಬೀದಿಗೆ ಹೊರೆ ಹೆಚ್ಚು ಎಂಬುದು ಅಂಕಿಗಳಲ್ಲಿಯೇ ಕಾಣುತ್ತದೆ. ಇದೇ ಗಣಿತ, ಇದೇ ಭೂಗೋಳ, ಇದೇ ಪೌರನೀತಿ. ಇಂಥ ಪುಸ್ತಕವನ್ನು ಹಿರಿಯರ ಮೂಲಕ ನಗರಾಡಳಿತದ ಮುಂದಿಟ್ಟರೆ ಅದನ್ನು ಮಕ್ಕಳಾಟವೆಂದು ಯಾರೂ ನಗಲಾರರು.

ಸಾರಾಂಶವಿಷ್ಟು. ನಗರಕ್ಕೆ ಜಾಣರಾದ ಇಂಜಿನಿಯರರು ಬೇಕು, ದಕ್ಷರಾದ ಅಧಿಕಾರಿಗಳು ಬೇಕು. ಅವರಷ್ಟೇ ಅಗತ್ಯವಾಗಿ, ಮೋರಿಯ ಪಕ್ಕದ ಮನೆಯವರು ಸಭೆಗೆ ಬಂದು ನಿರ್ಭಯವಾಗಿ ಮಾತಾಡುವುದೂ ಬೇಕು. ಅವರು ಬಂದಾಗ ಕುರ್ಚಿ ಕೊಟ್ಟು ಕೂರಿಸುವುದು ಆಡಳಿತದ ಧರ್ಮ. ಅವರು ಬಾರದಿದ್ದಾಗ ಹೋಗಿ ಕರೆತರುವುದು ವಿದ್ಯಾವಂತರ ಧರ್ಮ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತವರು ನಾಳೆ ಆ ಸಭೆಗಳಲ್ಲಿ ಕುಳಿತುಕೊಳ್ಳುವವರು. ಅಂದು ಯಾವುದೇ ನಿರ್ಣಯಕ್ಕೆ ಕೈಯೆತ್ತುವ ಮುನ್ನ 'ಇದರ ಹೊರೆ ಯಾರ ಮೇಲೆ ಬೀಳುವುದು, ಅವರು ಈ ಸಭೆಯಲ್ಲಿದ್ದಾರೆಯೇ?' ಎಂಬ ಪ್ರಶ್ನೆಯನ್ನು ಅವರು ಮರೆಯದೆ ಕೇಳಲಿ.